ಪೊಲೀಸೇ ಇಲ್ಲದ ಲಂಡನ್‌ನಲ್ಲಿ ಕೊಲೆಗಾರನ್ನ ಹಿಡೀತಿದ್ದೋರು ಯಾರು?

ಪ್ರಶ್ನೆ: ಮಧ್ಯಯುಗದ ಲಂಡನ್ ಹಿನ್ನೆಲೇಲಿ ಒಂದು ಪತ್ತೇದಾರಿ ಕಾದಂಬರಿ ಬರೀತಿದೀನಿ, 1280ರ ದಶಕ. ಬೆಳಗ್ಗೆ ಚರ್ಚ್ ಬಾಗಿಲು ತೆಗೆದ್ರೆ ಒಳಗೆ ಒಬ್ಬನ ಹೆಣ ಸಿಗುತ್ತೆ, ಅಲ್ಲಿಂದ ಕಥೆ ಶುರು. ಪೊಲೀಸ್ ಇಲ್ಲ, ಲ್ಯಾಬ್ ಇಲ್ಲ, ಆಗ ತನಿಖೆ ಮಾಡ್ತಿದ್ದೋರು ಯಾರು? ನನ್ನ ಹೀರೋ ಮಠದ ಸನ್ಯಾಸಿ, ಅವನು ಊರೆಲ್ಲಾ ಓಡಾಡಿ ಕೊಲೆಗಾರನ್ನ ಪತ್ತೆ ಮಾಡೋದು ನಂಬೋ ಹಾಗಿರುತ್ತಾ? ಕಥೆನ ಸರಿಯಾಗಿ ಯಾವ ವರ್ಷದಲ್ಲಿ ಇಡ್ಲಿ?

ಉತ್ತರ: ನಿಮ್ಮ ಕಥೆ ಶುರುವಾಗೋ ಸೀನ್ ನಿಜವಾಗ್ಲೂ ನಡೆದಿದೆ, ಅದೂ ನೀವು ಆರಿಸ್ಕೊಂಡಿರೋ ದಶಕದಲ್ಲೇ, 1284ರಲ್ಲಿ, ಲಂಡನ್ನಿನ ಚೀಪ್‌ಸೈಡ್ ಮಾರ್ಕೆಟ್ ಬೀದಿಲಿರೋ ಸೇಂಟ್ ಮೇರಿ ಲೆ ಬೋ ಚರ್ಚ್‌ನಲ್ಲಿ. ಅದನ್ನ ಆಮೇಲೆ ವಿವರವಾಗಿ ಹೇಳ್ತೀನಿ. ಮೊದ್ಲು ಒಂದು ವಿಷಯ ಕ್ಲಿಯರ್ ಮಾಡ್ಬಿಡ್ತೀನಿ, ಯಾಕಂದ್ರೆ ಇದು ತಲೇಲಿ ಕೂತ್ರೆ ಇಡೀ ಕಾದಂಬರಿಯ ಓಟಾನೇ ಬದಲಾಗುತ್ತೆ. ಆ ಕಾಲದ ಊರಲ್ಲಿ ಕೊಲೆ ಮಾಡಿದ್ದು ಯಾರು ಅನ್ನೋದು ಹೆಚ್ಚಿನ ಸಲ ಅಕ್ಕಪಕ್ಕದೋರಿಗೆ ಗೊತ್ತೇ ಇರ್ತಿತ್ತು. ಅದನ್ನ ಯಾರು ಬಾಯಿಬಿಟ್ಟು ಹೇಳ್ತಾರೆ, ಯಾವಾಗ ಹೇಳ್ತಾರೆ, ಎಲ್ಲೀವರೆಗೆ ಹೇಳಿ ಸುಮ್ಮನಾಗ್ತಾರೆ ಅನ್ನೋದರಲ್ಲೇ ರಹಸ್ಯ ಎಲ್ಲಾ ಇರೋದು.

ವ್ಯವಸ್ಥೆ ಹೇಗಿತ್ತು ಅಂದ್ರೆ, ಹೆಣ ಮೊದಲು ಯಾರ ಕಣ್ಣಿಗೆ ಬೀಳುತ್ತೋ ಅವರು ಅಲ್ಲೇ ನಿಂತು ಜೋರಾಗಿ ಕೂಗಿ ಬೊಬ್ಬೆ ಹಾಕಬೇಕು, ಕೇಳಿದೋರೆಲ್ಲಾ ಕೈಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು, ಕೊಲೆಗಾರ ಓಡ್ತಿದ್ರೆ ಬೆನ್ನಟ್ಟಬೇಕು, ಇದಕ್ಕೆ ಹ್ಯೂ ಅಂಡ್ ಕ್ರೈ ಅಂತಾರೆ, ಇದು ಕಾನೂನು ಹೇರಿದ್ದ ಕರ್ತವ್ಯ, ಸುಮ್ಮನೆ ನೋಡ್ಕೊಂಡು ಹೋದ್ರೆ ದಂಡ. ಹೆಣಾನ ಕದಲಿಸೋ ಹಾಗಿಲ್ಲ, ಕೊರೊನರ್, ಅಂದ್ರೆ ಇಂಥ ಸಾವುಗಳನ್ನ ವಿಚಾರಿಸೋ ರಾಜನ ಅಧಿಕಾರಿ, ಬಂದು ನೋಡೋಕೂ ಮುಂಚೆ ಹೂತುಬಿಟ್ರೆ ಅದಕ್ಕೂ ದಂಡ. ಕೊರೊನರ್ ಹುದ್ದೆ ಶುರುವಾಗಿದ್ದು 1194ರಲ್ಲಿ, ಒಂದನೇ ರಿಚರ್ಡ್ ರಾಜನ ಕಾಲ, ಪ್ರತಿ ಕೌಂಟಿಗೆ ಮೂವರು ನೈಟ್‌ಗಳು ಮತ್ತೆ ಒಬ್ಬ ಕ್ಲರ್ಕ್ ಅಂತ. ಲಂಡನ್‌ದು ಬೇರೆ ಏರ್ಪಾಡು, ಅಲ್ಲಿ ಕೊರೊನರ್ ಪಟ್ಟ ರಾಜನಿಗೆ ವೈನ್ ಒದಗಿಸೋ ಬಟ್ಲರ್ ಅನ್ನೋ ದೊಡ್ಡ ಅಧಿಕಾರಿಗೆ ಅಂಟ್ಕೊಂಡಿತ್ತು, ಬೀದಿಗಿಳಿದು ಕೆಲಸ ಮಾಡ್ತಿದ್ದದ್ದು ಅವನ ಡೆಪ್ಯುಟಿ. ಜೊತೆಗೆ ಕಾನೂನು ಜಾರಿ ನೋಡ್ಕೊಳ್ಳೋ ಇಬ್ಬರು ಶೆರಿಫ್‌ಗಳು. ಊರು 24 ವಾರ್ಡ್‌ಗಳಾಗಿ ಹಂಚಿತ್ತು, ಒಂದೊಂದು ವಾರ್ಡಿಗೂ ಆಲ್ಡರ್‌ಮನ್ ಅನ್ನೋ ಒಬ್ಬ ಮುಖ್ಯಸ್ಥ, ಅವನ ಕೈಕೆಳಗೆ ಬೀಡಲ್ ಅನ್ನೋ ನೌಕರ. ಹೆಣ ಸಿಕ್ಕ ವಾರ್ಡ್ ಮತ್ತೆ ಸುತ್ತಮುತ್ತಲ ವಾರ್ಡ್‌ಗಳಿಂದ ಜ್ಯೂರಿ ಕರೀತಿದ್ರು, ಹನ್ನೆರಡು ಜನ ಅಥವಾ ಅದಕ್ಕಿಂತ ಹೆಚ್ಚು, ಪ್ರಮಾಣ ಮಾಡಿಸಿ ಇವನು ಯಾರಿಂದ ಯಾವಾಗ ಹೇಗೆ ಸತ್ತ ಹೇಳಿ ಅಂತ ಕೇಳ್ತಿದ್ರು.

ಇಲ್ಲೊಂದು ಮುಖ್ಯ ವಿಷಯ ಇದೆ. ನಮಗೆ ಸಿನಿಮಾದಿಂದ ಗೊತ್ತಿರೋ ಜ್ಯೂರಿ ಅಂದ್ರೆ ಕೇಸ್ ಬಗ್ಗೆ ಏನೂ ಗೊತ್ತಿಲ್ಲದೆ ಕೂತು ವಾದ ಕೇಳೋರು, ಆದ್ರೆ 13ನೇ ಶತಮಾನದ ಜ್ಯೂರಿ ಸರಿಯಾಗಿ ಉಲ್ಟಾ, ಊರ ವಿಷಯ ಗೊತ್ತಿದೆ ಅನ್ನೋ ಕಾರಣಕ್ಕೇ ಅವರನ್ನ ಕರೀತಿದ್ದದ್ದು. ಬೇಕರಿಯವನು, ಚಕ್ಕಳದ ವ್ಯಾಪಾರಿ, ಮೂಲೆಮನೆ ದರ್ಜಿ, ಎಲ್ಲಾ ಸತ್ತವನನ್ನೂ ಬಲ್ಲೋರು, ಕೊಂದವನನ್ನೂ ಬಲ್ಲೋರು, ನಾಳೆ ಬೆಳಗ್ಗೆ ಅದೇ ಬೀದೀಲಿ ಕೊಂದವನ ಅಣ್ಣನ ಮುಖ ನೋಡ್ಬೇಕಾದೋರು. ಸಾಕ್ಷಿ, ತನಿಖಾಧಿಕಾರಿ, ತೀರ್ಪುಗಾರ ಮೂರೂ ಅವರೇ. ನಿಮ್ಮ ಕಾದಂಬರೀಲಿ ಇವರನ್ನ ಹಿಂದೆ ನಿಲ್ಲೋ ಗುಂಪಾಗಿ ತೋರ್ಸಿ ಬಿಟ್ಬಿಡಬೇಡಿ, ಒಬ್ಬೊಬ್ಬರಿಗೂ ಮನೆ, ಸಾಲ, ನೆಂಟಸ್ತಿಕೆ ಕೊಡಿ, ಕಥೆ ಅಲ್ಲೇ ಇದೆ.

ಫೋರೆನ್ಸಿಕ್ ಏನೂ ಇರ್ಲಿಲ್ಲ ಅಂತ ಅನ್ಕೊಂಡಿದೀರಲ್ಲ, ಅದು ಅರ್ಧ ನಿಜ. ಹೆಣ ಕೊಯ್ಯೋದು ಇರ್ಲಿಲ್ಲ, ಆದ್ರೆ ಹೊರಗಿಂದ ನೋಡೋದು ಬಹಳ ಗಟ್ಟಿಯಾಗಿತ್ತು. 1276ರಲ್ಲಿ ಒಂದನೇ ಎಡ್ವರ್ಡ್ ಕಾಲದಲ್ಲಿ ಕೊರೊನರ್ ಏನೇನು ಮಾಡ್ಬೇಕು ಅಂತ ಒಂದು ಶಾಸನಾನೇ ಬಂತು: ಪ್ರತಿ ಗಾಯದ ಉದ್ದ ಅಗಲ ಆಳ ನೋಡ್ಬೇಕು, ಯಾವ ಆಯುಧ, ದೇಹದ ಯಾವ ಭಾಗ, ಎಷ್ಟು ಗಾಯ, ಎಷ್ಟು ಜನ ಸೇರಿ ಮಾಡಿದ್ದು ಅಂತ ವಿಚಾರಿಸ್ಬೇಕು, ಕುತ್ತಿಗೆ ಸುತ್ತ ಹಗ್ಗ ಬಿಗಿದ ಗುರುತು ಇದೆಯಾ ಅಂತ ನೋಡ್ಬೇಕು. ಹೆಚ್ಚುಕಮ್ಮಿ ನಮ್ಮ ಮಹಜರು ಇದ್ದ ಹಾಗೆ, ಹೆಣದ ಎದುರಲ್ಲೇ ನಿಂತು, ಊರಿನವರ ಸಮಕ್ಷಮ. ಈ ಕೊರೊನರ್ ಪದ್ಧತಿ ಬ್ರಿಟಿಷರ ಜೊತೆ ನಮ್ಮ ದೇಶಕ್ಕೂ ಬಂತು, 1871ರ ಕಾಯ್ದೆ ಪ್ರಕಾರ ಬಾಂಬೆ ಕಲ್ಕತ್ತಾಗಳಲ್ಲಿ ಕೊರೊನರ್‌ಗಳಿದ್ರು. ಇನ್ನೊಂದು, ಕೊಂದ ಚಾಕುವಿನ ಬೆಲೆ ಎಷ್ಟು, ಕೊಲೆಗಾರನ ಮನೇಲಿ ಸಾಮಾನು ಎಷ್ಟು ಬೆಲೆ ಬಾಳುತ್ತೆ ಅಂತಾನೂ ಬರ್ಕೊಳ್ತಿದ್ರು, ಯಾಕಂದ್ರೆ ಅಪರಾಧಿ ಆಸ್ತಿ, ಸಾವಿಗೆ ಕಾರಣವಾದ ವಸ್ತು, ಎಲ್ಲಾ ರಾಜನ ಬೊಕ್ಕಸಕ್ಕೆ. ಗಾಡಿ ಚಕ್ರಕ್ಕೆ ಸಿಕ್ಕಿ ಸತ್ರೆ ಆ ಗಾಡಿಗೂ ಬೆಲೆ ಕಟ್ತಿದ್ರು. ಕೊರೊನರ್ ಅಂದ್ರೆ ಜನಕ್ಕೆ ನ್ಯಾಯ ಕೊಡೋನು ಅನ್ನೋದಕ್ಕಿಂತ ರಾಜನ ಕಂದಾಯ ವಸೂಲಿಗೆ ಬಂದೋನು ಅಂತಾನೇ ಕಾಣ್ತಿದ್ದ, ಜನ ಬಾಯಿಮುಚ್ಚಿ ಕೂರೋದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಈಗ ಬೋ ಚರ್ಚ್‌ಗೆ ಬರೋಣ. ಲಾರೆನ್ಸ್ ಡಕೆಟ್ ಅಂತ ಒಬ್ಬ ಅಕ್ಕಸಾಲಿ. ಅವನಿಗೂ ರಾಲ್ಫ್ ಕ್ರೆಪಿನ್ ಅನ್ನೋನಿಗೂ ಚೀಪ್‌ಸೈಡ್ ಬೀದೀಲಿ ಜಗಳ ಆಯ್ತು, ಡಕೆಟ್ ಕ್ರೆಪಿನ್‌ಗೆ ಬಲವಾಗಿ ಗಾಯ ಮಾಡ್ಬಿಟ್ಟ. ಕ್ರೆಪಿನ್ ಸಾಮಾನ್ಯ ಆಸಾಮಿ ಅಲ್ಲ, ನಗರದ ದಫ್ತರ ನೋಡ್ಕೊಳ್ಳೋ ಕಾಮನ್ ಕ್ಲರ್ಕ್ ಆಗಿದ್ದವನು, ದೊಡ್ಡೋರ ಪರಿಚಯ ಎಲ್ಲಾ ಇದ್ದೋನು. ಡಕೆಟ್ ಹೆದರಿ ಓಡಿ ಹೋಗಿ ಹತ್ರದಲ್ಲೇ ಇದ್ದ ಬೋ ಚರ್ಚ್ ಒಳಗೆ ಆಶ್ರಯ ತಗೊಂಡ. ಚರ್ಚ್ ಆಶ್ರಯ ಅಂದ್ರೆ 40 ದಿನ ಯಾರೂ ಕೈ ಹಾಕೋ ಹಾಗಿಲ್ಲ, ಅಷ್ಟರಲ್ಲಿ ಅವನು ಹೊರಗೆ ಬಂದು ವಿಚಾರಣೆ ಎದುರಿಸ್ಬೇಕು, ಇಲ್ಲಾಂದ್ರೆ ಕೊರೊನರ್ ಮುಂದೆ ತಪ್ಪೊಪ್ಪಿಕೊಂಡು ಈ ದೇಶ ಬಿಟ್ಟು ಹೋಗ್ತೀನಿ ಅಂತ ಆಣೆ ಮಾಡಿ, ಕೈಲೊಂದು ಶಿಲುಬೆ ಹಿಡ್ಕೊಂಡು, ಹೇಳಿದ ಬಂದರಿಗೆ ಹೆದ್ದಾರಿ ಬಿಟ್ಟು ಆಚೀಚೆ ಹೋಗದೆ ನಡ್ಕೊಂಡು ಹೋಗಿ ಹಡಗು ಹತ್ಬೇಕು. ಅವನು ತಪ್ಪಿಸ್ಕೊಂಡು ಹೋಗದ ಹಾಗೆ ಚರ್ಚ್ ಸುತ್ತ ಕಾವಲು ಕಾಯೋದು ಸುತ್ತಲಿನ ಜನರ ಜವಾಬ್ದಾರಿ.

ಆ ರಾತ್ರಿ ಕ್ರೆಪಿನ್ ಕಡೆಯೋರು ಒಳಗೆ ನುಗ್ಗಿದ್ರು. ಡಕೆಟ್ ಗೋಪುರದಲ್ಲಿ ಮಲಗಿದ್ದ. ಅವನನ್ನ ಕೊಂದು, ಆಮೇಲೆ ಕಿಟಕಿ ಪಕ್ಕ ನೇಣು ಹಾಕಿದ್ರು, ನೋಡಿದೋರಿಗೆ ಅವನೇ ಹಾಕ್ಕೊಂಡ ಅನ್ನಿಸೋ ಹಾಗೆ. ಬೆಳಗ್ಗೆ ಆಯ್ತು, ವಿಚಾರಣೆ ನಡೀತು, ಜ್ಯೂರಿ ಆತ್ಮಹತ್ಯೆ ಅಂತ ಹೇಳಿಬಿಡ್ತು. ಆತ್ಮಹತ್ಯೆ ಅವತ್ತಿಗೆ ಮಹಾಪರಾಧ, ಪವಿತ್ರ ಮಣ್ಣಲ್ಲಿ ಜಾಗ ಇಲ್ಲ, ಹೆಣಾನ ಕಾಲು ಹಿಡಿದು ಎಳ್ಕೊಂಡು ಹೋಗಿ ಊರ ಹೊರಗಿನ ಕಂದಕದಲ್ಲಿ ಹೂತ್ರು. ಕೇಸ್ ಮುಗೀತು ಅನ್ನೋವಷ್ಟರಲ್ಲಿ ಒಬ್ಬ ಹುಡುಗ ಬಾಯಿಬಿಟ್ಟ. ಆ ರಾತ್ರಿ ಅವನು ಡಕೆಟ್ ಪಕ್ಕದಲ್ಲೇ ಮಲಗಿದ್ದ, ಗಲಾಟೆ ಕೇಳಿ ಭಯದಿಂದ ಒಳಗೇ ಅವಿತ್ಕೊಂಡಿದ್ದ, ಎಲ್ಲಾ ನೋಡಿದ್ದ. ಅಲ್ಲಿಂದ ಎಲ್ಲಾ ತಿರುಗಿಬಿತ್ತು. ಇದರ ಹಿಂದಿನ ಮುಖ್ಯ ಕೈ ಆಲಿಸ್ ಅನ್ನೋ ಹೆಂಗಸು, ಕ್ರೆಪಿನ್ ಜೊತೆ ಸಂಬಂಧ ಇದ್ದೋಳು ಅಂತ ತೀರ್ಮಾನ ಆಗಿ ಅವಳನ್ನ ಸುಟ್ಟು ಕೊಂದ್ರು, ಹಲವು ಗಂಡಸರನ್ನ ಎಳೆದೊಯ್ದು ಗಲ್ಲಿಗೆ ಹಾಕಿದ್ರು, ದುಡ್ಡಿದ್ದ ಕೆಲವರು ಬಹಳ ದಿನ ಜೈಲಲ್ಲಿದ್ದು ದುಡ್ಡು ಕಟ್ಟಿ ಬಚಾವಾದ್ರು. ಚರ್ಚ್ ಅಪವಿತ್ರ ಆಯ್ತು ಅಂತ ಪೂಜೆ ನಿಲ್ಲಿಸಿ, ಅದರ ಬಾಗಿಲು ಕಿಟಕಿಗೆಲ್ಲಾ ಮುಳ್ಳು ತುಂಬಿದ್ರು. ಡಕೆಟ್ ಹೆಣಾನ ಕಂದಕದಿಂದ ತೆಗೆದು ಮರ್ಯಾದೆಯಿಂದ ಚರ್ಚ್ ಅಂಗಳದಲ್ಲಿ ಮಣ್ಣು ಮಾಡಿದ್ರು.

ಈ ಕೇಸನ್ನ ಕಾದಂಬರಿಕಾರರ ಕಣ್ಣಿಂದ ಒಂದ್ಸಲ ನೋಡಿ. ಕುತ್ತಿಗೆ ಗುರುತು ನೋಡಿ ಅಂತ ಶಾಸನ ಬಂದು ಎಂಟೇ ವರ್ಷ ಆಗಿತ್ತು, ಅಂದ್ರೆ ಏನು ನೋಡ್ಬೇಕು ಅನ್ನೋದು ವಿಚಾರಣೆ ಮಾಡಿದೋರಿಗೆ ಗೊತ್ತಿರಬೇಕಾಗಿತ್ತು. ಕೊಂದು ಆಮೇಲೆ ನೇತುಹಾಕಿದ ದೇಹದಲ್ಲಿ ಹಗ್ಗದ ಗುರುತು ಬದುಕಿದ್ದಾಗ ನೇಣಾದವನದ್ದಕ್ಕಿಂತ ಬೇರೆ ತರ ಇರೋ ಸಾಧ್ಯತೆ ಜಾಸ್ತಿ, ಮೈಮೇಲೆ ಹೊಡೆದಾಟದ ಗುರುತೂ ಇರಬಹುದು. ನೋಡೋ ಮನಸ್ಸಿದ್ದೋರಿಗೆ ಅನುಮಾನ ಬರೋಕೆ ಅಷ್ಟು ಸಾಕು. ಇನ್ನು ಕಾವಲು ಇದ್ದೋರು ಯಾರು, ಅವರನ್ನ ದಾಟಿ ಒಂದು ಗುಂಪು ಹೇಗೆ ಒಳಗೆ ಹೋಯ್ತು, ಅಷ್ಟು ಜನರ ಹೆಜ್ಜೆ ಸದ್ದು ಆ ಇಕ್ಕಟ್ಟು ಬೀದೀಲಿ ಯಾರಿಗೂ ಕೇಳಿಸ್ಲಿಲ್ವಾ? ನನಗಂತೂ ಜ್ಯೂರಿ ಮೋಸಹೋಗಿದ್ದು ಅಂತ ಅನ್ಸೋದೇ ಇಲ್ಲ, ಆತ್ಮಹತ್ಯೆ ಅನ್ನೋದು ಎಲ್ಲರಿಗೂ ಅನುಕೂಲವಾದ ಉತ್ತರ ಆಗಿತ್ತು: ಯಾರನ್ನೂ ಹಿಡಿಯೋ ಹಾಗಿಲ್ಲ, ಪ್ರಭಾವಿ ಮನುಷ್ಯನ ಹೆಸರು ಎತ್ತೋ ಹಾಗಿಲ್ಲ, ಸತ್ತವನ ಆಸ್ತಿ ರಾಜನಿಗೆ ಹೋಗುತ್ತೆ, ರಾಜನೂ ಖುಷಿ. ಆ ಲೆಕ್ಕಾಚಾರದ ಹೊರಗಿದ್ದೋನು ಆ ಹುಡುಗ ಒಬ್ಬನೇ. ಅವನ ಹೆಸರು ಕೂಡ ಕಥೇಲಿ ಬರಲ್ಲ. ಇಷ್ಟು ಭಯ ಪಟ್ಕೊಂಡಿದ್ದ ಮಗು, ಯಾರ ಹತ್ರ ಹೋಗಿ ಹೇಳಿರಬಹುದು, ಹೇಳೋಕೆ ಮುಂಚೆ ಎಷ್ಟು ರಾತ್ರಿ ನಿದ್ದೆ ಇಲ್ಲದೆ ಕಳೆದಿರಬಹುದು, ನಿಮ್ಮ ಕಲ್ಪನೆ ಕೆಲಸ ಮಾಡ್ಬೇಕಾದ ಜಾಗ ಇದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕೇಸ್ ಹೇಳ್ತೀನಿ, ಅಲ್ಲಿ ಎಲ್ಲರಿಗೂ ಎಲ್ಲಾ ಗೊತ್ತಿತ್ತು, ಜ್ಯೂರಿ ಹೆಸರೂ ಹೇಳ್ತು, ಆದ್ರೂ ಏನೂ ಆಗ್ಲಿಲ್ಲ. 1337ರ ಮೇ 3, ಸಂಜೆ ಪ್ರಾರ್ಥನೆ ಮುಗಿದ ಹೊತ್ತು, ಜಾನ್ ಫೋರ್ಡ್ ಅನ್ನೋ ಪಾದ್ರಿ ಚೀಪ್‌ಸೈಡ್‌ನಲ್ಲಿ ಸೇಂಟ್ ಪಾಲ್ಸ್ ಕಥೀಡ್ರಲ್ ಕಡೆ ನಡ್ಕೊಂಡು ಹೋಗ್ತಿದ್ದ. ಹಸ್ಕಲ್ಫ್ ನೆವಿಲ್ ಅನ್ನೋ ಇನ್ನೊಬ್ಬ ಪಾದ್ರಿ ಅವನ ಜೊತೆ ಹೆಜ್ಜೆ ಹಾಕ್ತಾ ಹಿತವಾಗಿ ಮಾತಾಡ್ಕೊಂಡು ಬಂದ. ಸೇಂಟ್ ಪಾಲ್ಸ್ ಹತ್ರ ಬರೋ ಹೊತ್ತಿಗೆ ಹ್ಯೂ ಲೋವೆಲ್ ಅನ್ನೋನು ಹನ್ನೆರಡು ಇಂಚಿನ ಕಠಾರಿಯಿಂದ ಫೋರ್ಡ್ ಗಂಟಲು ಸೀಳಿದ, ಇನ್ನಿಬ್ಬರು, ಹ್ಯೂ ಕೋಲ್ನ್ ಮತ್ತೆ ಜಾನ್ ಸ್ಟ್ರಾಂಗ್, ಉದ್ದ ಚಾಕುವಿನಿಂದ ಹೊಟ್ಟೆಗೆ ತಿವಿದ್ರು. ಜನ ತುಂಬಿದ್ದ ಬೀದಿ, ಮುಸುಕೂ ಇಲ್ಲ, ಕತ್ತಲೂ ಇಲ್ಲ.

33 ಜನರ ಜ್ಯೂರಿ ಕೂತು ಹೇಳಿದ ಹೆಸರುಗಳೇ ಇವು, ಇದರ ಹಿಂದೆ ಇದ್ದಿದ್ದು ಎಲಾ ಫಿಟ್ಜ್‌ಪೇಯ್ನ್ ಅನ್ನೋ ಶ್ರೀಮಂತ ಮನೆತನದ ಹೆಂಗಸು, ಫೋರ್ಡ್ ಜೊತೆ ಅವಳಿಗೆ ಹಳೇ ಜಗಳ ಅಂತಾನೂ ಹೇಳಿದ್ರು. ಲೋವೆಲ್ ಅವಳ ಸ್ವಂತ ತಮ್ಮನೋ ಅಣ್ಣನೋ ಆಗ್ಬೇಕು, ಕೋಲ್ನ್ ಸ್ಟ್ರಾಂಗ್ ಇಬ್ಬರೂ ಅವಳ ಹತ್ರ ಕೆಲಸಕ್ಕಿದ್ದೋರು. ಆದ್ರೆ ಕೊಲೆಗಾರರು ಈಗ ಎಲ್ಲಿದಾರೆ ಅಂದ್ರೆ ಗೊತ್ತಿಲ್ಲ ಅಂದ್ರು, ಲೋವೆಲ್‌ಗೆ ಜಪ್ತಿ ಮಾಡೋ ಅಂಥಾ ಸಾಮಾನೇ ಇಲ್ಲ ಅಂದ್ರು, ದೊಡ್ಡ ಮನೆತನದ ಗಂಡಸಿಗೆ ಒಂದು ಕುದುರೇನೂ ಇಲ್ಲ ಅನ್ನೋ ಲೆಕ್ಕ. ಕೊನೆಗೆ ಐದು ವರ್ಷ ಆದ್ಮೇಲೆ, 1342ರಲ್ಲಿ, ನೌಕರ ಕೋಲ್ನ್ ಒಬ್ಬನ ಮೇಲೆ ಮಾತ್ರ ಆರೋಪ ಬಂದು ನ್ಯೂಗೇಟ್ ಜೈಲಿಗೆ ಹೋದ. ಎಲಾ ಕೂದಲೂ ಕೊಂಕ್ಲಿಲ್ಲ.

ಹಳೇ ಜಗಳ ಏನು ಅನ್ನೋದು ಬೇರೆ ದಾಖಲೆಗಳಿಂದ ಗೊತ್ತಾಗುತ್ತೆ. 1320ರ ದಶಕದ ಶುರುವಲ್ಲಿ ಎಲಾ, ಅವಳ ಗಂಡ ಸರ್ ರಾಬರ್ಟ್, ಮತ್ತೆ ಇದೇ ಫೋರ್ಡ್ ಪಾದ್ರಿ, ಮೂವರೂ ಸೇರಿ ಒಂದು ಬೆನೆಡಿಕ್ಟೈನ್ ಮಠಕ್ಕೆ ನುಗ್ಗಿ ಬಾಗಿಲು ಒಡೆದು ಕುರಿ ಹಂದಿ ಎತ್ತು ಎಲ್ಲಾ ಹೊಡ್ಕೊಂಡು ಬಂದ್ರು ಅಂತ ಆರೋಪ ಇತ್ತು. ಹತ್ತು ವರ್ಷ ಆದ್ಮೇಲೆ, 1332ರ ಜನವರೀಲಿ, ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಸೈಮನ್ ಮೆಫಮ್ ಬರೆದ ಪತ್ರದಲ್ಲಿ ಎಲಾ ಹಲವರ ಜೊತೆ ವ್ಯಭಿಚಾರ ಮಾಡಿದಾಳೆ ಅಂತ ಇದೆ, ಹೆಸರು ಬಂದಿರೋ ಪ್ರಿಯಕರ ಫೋರ್ಡ್. ಶಿಕ್ಷೆ ಏನಂದ್ರೆ ಚಿನ್ನ ಮುತ್ತು ರತ್ನ ಹಾಕೋ ಹಾಗಿಲ್ಲ, ಏಳು ವರ್ಷ ಪ್ರತಿ ಶರತ್ಕಾಲ ಸಾಲ್ಸ್‌ಬರಿ ಕಥೀಡ್ರಲ್ ಒಳಗೆ ಬರಿಗಾಲಲ್ಲಿ, ನಾಲ್ಕು ಪೌಂಡ್ ತೂಕದ ಮೇಣದಬತ್ತಿ ಹಿಡ್ಕೊಂಡು ನಡೀಬೇಕು. ಜೊತೇಲಿ ಲೂಟಿ ಮಾಡಿದೋನು, ಜೊತೇಲಿ ಮಲಗಿದೋನು, ಕೊನೆಗೆ ಅವಮಾನ ಆಗಿದ್ದು ಮಾತ್ರ ಅವಳಿಗೆ. ಗುಟ್ಟು ಬಿಷಪ್‌ಗೆ ಮುಟ್ಟಿಸಿದ್ದು ಫೋರ್ಡೇ ಇರಬಹುದು ಅನ್ನೋದು ಸಂಶೋಧಕರ ಊಹೆ, ನನಗೂ ಅದು ಸರಿ ಅನ್ಸುತ್ತೆ. ಕತ್ತಲಲ್ಲಿ ಸದ್ದಿಲ್ಲದೆ ಮುಗಿಸಬಹುದಿತ್ತು, ಹಾಗೆ ಮಾಡದೆ ಸೇಂಟ್ ಪಾಲ್ಸ್ ಎದುರು ಮುಗಿಸಿದ್ದು ಚರ್ಚ್‌ನೋರೆಲ್ಲಾ ನೋಡ್ಲಿ ಅಂತಾನೇ.

ಈಗ ನಿಮ್ಮ ಸನ್ಯಾಸಿ ಹೀರೋ. ಮಠದ ಒಳಗೆ ವ್ರತ ಹಿಡಿದಿರೋನು ಮೇಲಿನೋರ ಅಪ್ಪಣೆ ಇಲ್ಲದೆ ಊರು ಸುತ್ತೋ ಹಾಗಿಲ್ಲ, ಪ್ರತಿ ಅಧ್ಯಾಯದಲ್ಲೂ ಅವನನ್ನ ಹೊರಗೆ ತರೋಕೆ ನೀವು ನೆಪ ಹುಡುಕ್ಬೇಕಾಗುತ್ತೆ. ಸನ್ಯಾಸಿನೇ ಬೇಕು ಅಂತ ಹಠ ಇದ್ರೆ ಫ್ರಯರ್ ಮಾಡಿ, ಅಂದ್ರೆ ಮಠದೊಳಗೇ ಕೂರದೆ ಜನರ ಮಧ್ಯೆ ಓಡಾಡೋ ಸನ್ಯಾಸಿ. ಫ್ರಯರ್‌ಗಳಲ್ಲಿ ಡೊಮಿನಿಕನ್ ಪಂಥದೋರು 1221ಕ್ಕೆ, ಫ್ರಾನ್ಸಿಸ್ಕನ್ ಪಂಥದೋರು 1224ಕ್ಕೆ ಇಂಗ್ಲೆಂಡ್‌ಗೆ ಬಂದೋರು, ಬೀದೀಲಿ ಬೋಧನೆ ಮಾಡ್ತಾ ಭಿಕ್ಷೆ ಎತ್ತೋರು, ಎಲ್ಲರ ಮನೆ ಬಾಗಿಲಿಗೂ ಹೋಗ್ತಾರೆ, ಪಾಪನಿವೇದನೆ ಕೇಳ್ತಾರೆ. ಆದ್ರೆ ಆ ಪಾಪನಿವೇದನೆಯಲ್ಲಿ ಕೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲ, 1215ರಲ್ಲಿ ರೋಮ್‌ನಲ್ಲಿ ಪೋಪ್ ಕರೆದ ಲ್ಯಾಟರನ್ ಸಭೆ ಅದನ್ನೂ ಕಟ್ಟುನಿಟ್ಟು ಮಾಡ್ತು, ರಕ್ತ ಹರಿಸೋ ಶಿಕ್ಷೆಯ ತೀರ್ಪಲ್ಲಿ ಪಾದ್ರಿಗಳು ಕೈ ಹಾಕಬಾರದು ಅಂತಾನೂ ಹೇಳ್ತು. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಹೇಳೋಕಾಗದ ಫ್ರಯರ್, ಒಳ್ಳೇ ಪಾತ್ರ ಆಗುತ್ತೆ.

ನನ್ನನ್ನ ಕೇಳಿದ್ರೆ ಹೀರೋ ಆಗ್ಬೇಕಾದೋನು ಕೊರೊನರ್‌ನ ಕ್ಲರ್ಕ್. ಜ್ಯೂರಿ ಮಾತಾಡೋದು ಇಂಗ್ಲಿಷಲ್ಲಿ, ದೊಡ್ಡ ಮನೆತನದೋರು ಫ್ರೆಂಚಲ್ಲಿ, ಅವನು ಬರೆಯೋದು ಲ್ಯಾಟಿನ್‌ನಲ್ಲಿ, ಚರ್ಮದ ಸುರುಳಿ ಮೇಲೆ. ಅರ್ಧ ಗಂಟೆ ತಡವರಿಸಿ, ಒಬ್ಬರ ಮುಖ ಒಬ್ಬರು ನೋಡಿ, ಮಧ್ಯೆ ಒಬ್ಬ ಕೆಮ್ಮಿ, ಕೊನೆಗೆ ಜ್ಯೂರಿ ಹೇಳಿದ್ದು ಸುರುಳೀಲಿ ಒಂದೇ ಸಾಲಾಗುತ್ತೆ: ಇಂಥವನು ಇಂಥ ಚಾಕುವಿನಿಂದ ಇಷ್ಟು ಇಂಚು ಆಳಕ್ಕೆ ತಿವಿದ, ಓಡಿಹೋದ, ಎಲ್ಲಿದಾನೆ ಗೊತ್ತಿಲ್ಲ. ಹೇಳದೇ ಬಿಟ್ಟಿದ್ದು ಏನು ಅಂತ ಗೊತ್ತಿರೋನು ಇಡೀ ಊರಲ್ಲಿ ಅವನೊಬ್ಬ. ಎಲ್ಲಾ ಹೆಣದ ಹತ್ರಾನೂ ಅವನು ಇರ್ತಾನೆ, ಗಾಯ ಅಳೆದಿದ್ದನ್ನ ಕಣ್ಣಾರೆ ನೋಡಿರ್ತಾನೆ, ಹಳೇ ಸುರುಳಿ ತೆಗೆದು ನೋಡಿದ್ರೆ ಅದೇ ಹೆಸರು ಎರಡು ವರ್ಷದ ಹಿಂದಿನ ಇನ್ನೊಂದು ಸಾವಲ್ಲೂ ಇದೆಯಲ್ಲಾ ಅಂತ ಹೊಳೆಯೋದು ಅವನಿಗೇ. ಅಧಿಕಾರ ಏನೂ ಇಲ್ಲ, ಅದು ಕಥೆಗೆ ಇನ್ನೂ ಒಳ್ಳೇದು.

ಚಿಕ್ಕಪುಟ್ಟ ವಿವರ ಬೇಕಾದ್ರೆ, ಆಯುಧ ಅಂದ್ರೆ ಬಹುಪಾಲು ಚಾಕು, ಊಟಕ್ಕೆ ಅಂತ ಎಲ್ಲರ ಸೊಂಟದಲ್ಲೂ ಇರ್ತಿತ್ತು, ವಿಷ ತರ್ಬೇಡಿ, ದಾಖಲೆಗಳಲ್ಲಿ ಅದು ತೀರಾ ಅಪರೂಪ. 1300ರಿಂದ 1340ರವರೆಗಿನ ಲಂಡನ್ ಕೊರೊನರ್ ಸುರುಳಿಗಳಿಂದ 142 ಕೊಲೆಗಳನ್ನ ಕೇಂಬ್ರಿಡ್ಜ್ ಸಂಶೋಧಕರು ಮ್ಯಾಪ್ ಮೇಲೆ ಗುರುತು ಮಾಡಿದಾರೆ, ಚೀಪ್‌ಸೈಡ್ ಅದರಲ್ಲಿ ದಟ್ಟವಾಗಿ ಕಾಣುತ್ತೆ, ವಾರದಲ್ಲಿ ಹೆಚ್ಚು ಕೊಲೆ ಭಾನುವಾರ, ಕುಡಿತ ಜೂಜು ಜಗಳ ಎಲ್ಲಕ್ಕೂ ಬಿಡುವಿದ್ದ ದಿನ. ಗಡಿಯಾರದ ಟೈಮ್ ಹಾಕ್ಬೇಡಿ, ಸಂಜೆ ಪ್ರಾರ್ಥನೆ ಆದ್ಮೇಲೆ, ಕರ್ಫ್ಯೂ ಗಂಟೆಗೆ ಮುಂಚೆ, ಹೀಗೆ ಚರ್ಚ್ ಗಂಟೆ ಲೆಕ್ಕದಲ್ಲೇ ಬರೀರಿ. ಸಿಕ್ಕಿಬಿದ್ದೋರೆಲ್ಲಾ ಗಲ್ಲಿಗೇರ್ತಾರೆ ಅಂತಾನೂ ಬರೀಬೇಡಿ, ವಿಚಾರಣೆಗೆ ನಿಂತೋರಲ್ಲಿ ಹೆಚ್ಚಿನವರನ್ನ ಜ್ಯೂರಿಗಳು ಬಿಟ್ಟುಬಿಡ್ತಿದ್ರು, ಪಾದ್ರಿ ಅಂತ ಸಾಬೀತಾದ್ರೆ ಬಿಷಪ್ ಕೋರ್ಟಿಗೆ ಹೋಗಿ ಜೀವ ಉಳಿಸ್ಕೊಳ್ತಿದ್ರು.

ವರ್ಷದ ವಿಷಯ. 1284ರಲ್ಲಿ ಇಟ್ರೆ ಮೇಯರ್ ಹೆನ್ರಿ ಲೆ ವಾಲೀಸ್ ಇರ್ತಾನೆ, ಊರು ತನ್ನದೇ ಹಕ್ಕು ಇಟ್ಕೊಂಡು ಗತ್ತಿಂದ ಇರುತ್ತೆ, ಡಕೆಟ್ ಪ್ರಕರಣ ಆಗ ಹಸಿಹಸಿ. ಮುಂದಿನ ವರ್ಷ ಎಲ್ಲಾ ಬದಲಾಗುತ್ತೆ, 1285ರಲ್ಲಿ ರಾಜನ ನ್ಯಾಯಾಧೀಶರು ಬಂದಾಗ ಮೇಯರ್ ಗ್ರೆಗರಿ ಡಿ ರೋಕ್ಸ್ಲಿ ಮೇಯರ್ ಆಗಿ ಅವರ ಮುಂದೆ ನಿಲ್ಲೋಕೆ ಒಪ್ಪಲ್ಲ, ಎಡ್ವರ್ಡ್ ರಾಜ ಊರನ್ನೇ ತನ್ನ ಕೈಗೆ ತಗೊಂಡು ಮೇಯರ್ ಬದಲು ವಾರ್ಡನ್ ಅನ್ನೋ ತನ್ನ ಅಧಿಕಾರೀನ ಕೂರಿಸ್ತಾನೆ, ಬೋ ಚರ್ಚ್ ಕೊಲೆಯಿಂದ ಊರಿನ ಹೆಸರು ಕೆಟ್ಟಿದ್ದೂ ಅದಕ್ಕೊಂದು ಕಾರಣ ಅಂತ ಇತಿಹಾಸಕಾರರು ಹೇಳ್ತಾರೆ. ಅದೇ ವರ್ಷ ಲಂಡನ್‌ಗೆ ಅಂತ ಬಂದ ಕಟ್ಟಳೇಲಿ ಸೇಂಟ್ ಮಾರ್ಟಿನ್ ಲೆ ಗ್ರಾಂಡ್ ಚರ್ಚ್‌ನ ಕರ್ಫ್ಯೂ ಗಂಟೆ ಹೊಡೆದ ಮೇಲೆ ಕತ್ತಿ ಗುರಾಣಿ ಹಿಡಿದು ಬೀದೀಲಿ ಯಾರೂ ತಿರುಗೋ ಹಾಗಿಲ್ಲ, ಹೆಂಡದಂಗಡಿ ತೆಗೆದಿರೋ ಹಾಗಿಲ್ಲ. ಮೇಯರ್ ವಾಪಸ್ ಬರೋದು 1298ಕ್ಕೆ. ಹಾಗಾಗಿ ನಿಮಗೆ ಮೇಯರ್ ಪಾತ್ರ ಬೇಕು, ರಾತ್ರಿ ಹೆಂಡದಂಗಡಿ ಸೀನ್ ಬೇಕು ಅಂದ್ರೆ 1284 ದಾಟ್ಬೇಡಿ, ಅದೇ ಊರಿನೋರು ರಾಜನ ಆಳಿಗೆ ಒಂದು ಮಾತೂ ಹೇಳದೆ ಬಿಗಿದ ಬಾಯಲ್ಲಿ ಕೂತಿರೋ ಜ್ಯೂರಿ ಬೇಕು ಅಂದ್ರೆ 1286ಕ್ಕೋ 87ಕ್ಕೋ ಇಡಿ, ಆ ಹುಡುಗ ಆಗ ಎರಡು ಮೂರು ವರ್ಷ ದೊಡ್ಡವನಾಗಿ ಅದೇ ಚೀಪ್‌ಸೈಡ್‌ನಲ್ಲೇ ಎಲ್ಲೋ ಕೆಲಸಕ್ಕೆ ಸೇರಿರ್ತಾನೆ ಅಂತ ಕಲ್ಪಿಸ್ಕೊಂಡು ಅವನನ್ನೂ ಕಥೆಗೆ ತಗೊಳ್ಳಬಹುದು.